ಕಡಲಗೆರೆಗಳ ಜಾತಿನಿರ್ಣಯ

ನೀರಿನ ಮೇಲೆ ಎಳೆದ ಗೆರೆ ನಿಲ್ಲುವುದಿಲ್ಲ ಎಂದು ತೀರ್ಮಾನಿಸಿದ ನಮ್ಮ ಹಿರಿಯರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕಂಡವರಲ್ಲ. ಅಲ್ಲಿ ಎಳೆದ ಗೆರೆ ನಿಲ್ಲುತ್ತದೆ. ದಾಟಿದವರನ್ನು ಹಿಡಿದು ಕೂಡಿಹಾಕುವಷ್ಟು ಗಟ್ಟಿಯಾಗಿಯೇ ನಿಲ್ಲುತ್ತದೆ. ಹೀಗಿರುವಾಗ ಕಡಲಗೆರೆ ಎಂಬ ಪದಾರ್ಥವನ್ನು ಲಕ್ಷಣ, ಭೇದ, ದೋಷಗಳ ಸಹಿತ ನಿರೂಪಿಸುವ ಶಾಸ್ತ್ರ ಕನ್ನಡದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಅದನ್ನು ತುಂಬಲು ಹೊರಟ ಈ ಪ್ರಬಂಧಕ್ಕೆ ಬಹರೈನಿನ ಅರಾದ್ ದಂಡೆಯನ್ನು ಆರಿಸಿಕೊಳ್ಳಲಾಗಿದೆ.

ಆಯ್ಕೆಗೆ ಕಾರಣವಿದೆ. ಒಂದು ಕಾಲಕ್ಕೆ ಅರಾದ್ ಬೇರೆ ದ್ವೀಪ, ಪಕ್ಕದ ಮುಹರ್ರಕ್ ಬೇರೆ ದ್ವೀಪ. ನಡುವಿನ ಆಳವಿಲ್ಲದ ನೀರಿಗೆ ಮಣ್ಣು ತುಂಬಿ ಎರಡನ್ನೂ ಒಂದು ಮಾಡಿದರು. ದ್ವೀಪಗಳ ನಡುವಿನ ದೋಣಿದಾರಿಯ ಮೇಲೆ ಕಣ್ಣಿಡಲು ಕಟ್ಟಿದ ಅರಾದ್ ಕೋಟೆಯ ಒಂದು ಮಗ್ಗುಲಿಗೆ ಈಗ ವಿಮಾನ ನಿಲ್ದಾಣವಿದೆ, ಇನ್ನೊಂದು ಮಗ್ಗುಲಿಗೆ ಸಂರಕ್ಷಿತ ಕೊಲ್ಲಿ, ಅದರ ಸುತ್ತ ಸಂಜೆ ವಾಕಿಂಗಿಗೆ ಬರುವವರ ದಾರಿ. ಆ ಕೊಲ್ಲಿಗೆ ಉಬ್ಬರದಲ್ಲಿ ಬರುವ ನೀರು ಎಂಟು ದೇಶಗಳ ಪಾಲಿನ ಗಲ್ಫ್ ಕಡಲಿನದು: ಬಹರೈನ್, ಸೌದಿ ಅರೇಬಿಯಾ, ಕತಾರ್, ಕುವೈತ್, ಯುಎಇ, ಒಮಾನ್, ಇರಾಕ್, ಇರಾನ್. ಆ ಕಡಲಿನ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ, ಹೊರಹೋಗಲು ಹೋರ್ಮುಜ್ ಒಂದೇ ಬಾಗಿಲು. ಅಡುಗೆಮನೆ ಒಂದೇ ಇದ್ದು ಎಂಟು ಒಲೆ ಹೂಡಿದ ಅವಿಭಕ್ತ ಕುಟುಂಬವೆಂದರೆ ಕನ್ನಡಿಗರಿಗೆ ಹೆಚ್ಚು ವಿವರಣೆ ಬೇಡ.

ಕಡಲಗೆರೆಗಳಲ್ಲಿ ಮೊದಲನೆಯ ಜಾತಿ ಸ್ವಾಮ್ಯರೇಖೆ. ಲಕ್ಷಣ: ‘ಇತ್ತ ನನ್ನದು, ಅತ್ತ ನಿನ್ನದು’ ಎಂದಷ್ಟೇ ಹೇಳಿ, ಇತ್ತ ಏನು ಮಾಡಬೇಕು, ಅತ್ತ ಏನು ಮಾಡಬಾರದು ಎಂಬುದರ ಬಗ್ಗೆ ಮೌನವಾಗಿರುವುದು. ಈ ಜಾತಿಯಲ್ಲಿ ಅತಿ ಸಾಧುವಾದ ಉಪಜಾತಿ ತೈಲರೇಖೆ. 1958ರ ಫೆಬ್ರುವರಿಯಲ್ಲಿ ಬಹರೈನ್ ಮತ್ತು ಸೌದಿ ಅರೇಬಿಯಾ ತಮ್ಮ ನಡುವಿನ ಕಡಲತಳವನ್ನು ಹಂಚಿಕೊಂಡವು. ಅಬು ಸಫಾ ಎಂಬ ಕಡೆ ಆರು ಮೂಲೆಯ ಒಂದು ತುಂಡಿಗೆ ಇಬ್ಬರೂ ಆಸೆಪಟ್ಟಿದ್ದರು. ತುಂಡು ಸೌದಿಗೆ, ಅಲ್ಲಿನ ಎಣ್ಣೆಯ ನಿವ್ವಳ ಆದಾಯದಲ್ಲಿ ಅರ್ಧ ಬಹರೈನಿಗೆ ಎಂದು ಬಗೆಹರಿಯಿತು. ಇಂದಿಗೂ ಬಹರೈನಿನ ಬೊಕ್ಕಸದ ದೊಡ್ಡ ಆಸರೆ ಅದೇ. 1971ರಲ್ಲಿ ಇರಾನಿನ ಜೊತೆಗೂ ಗೆರೆ ತೀರ್ಮಾನವಾಯಿತು. ಹಣವನ್ನು ಅರ್ಧ ಮಾಡುವುದು ಸುಲಭ ಎಂದು ಅಬು ಸಫಾದಿಂದ ತಿಳಿಯುತ್ತದೆ. ಮೀನನ್ನು ಅರ್ಧ ಮಾಡುವುದು ಬೇರೆ ಮಾತು.

ಎರಡನೆಯ ಉಪಜಾತಿ ವ್ಯಾಜ್ಯರೇಖೆ. ಇದು ಬಹರೈನ್ ಮತ್ತು ಕತಾರ್ ನಡುವೆ ಬೆಳೆದದ್ದು. 1986ರಲ್ಲಿ ಫಷ್ತ್ ಅದ್ ದಿಬಲ್ ಎಂಬ ದಿಬ್ಬದ ಮೇಲೆ ಬಹರೈನಿನ ಪರವಾಗಿ ಕೆಲಸ ಮಾಡುತ್ತಿದ್ದವರನ್ನು ಕತಾರಿನ ಪಡೆ ಹೆಲಿಕಾಪ್ಟರಿನಲ್ಲಿ ಬಂದಿಳಿದು ಹಿಡಿದೊಯ್ದಿತು. ಮುಂದೆ ಮೊಕದ್ದಮೆ ಹೇಗ್‌ಗೆ ಹೋಯಿತು. ಕತಾರ್ ಹಾಜರುಪಡಿಸಿದ 82 ದಾಖಲೆಗಳು ನಕಲಿ ಎಂದು ಬಹರೈನ್ ಆಕ್ಷೇಪಿಸಿತು. ಕೊನೆಗೆ ಕತಾರ್ ಅವನ್ನು ಕೈಬಿಟ್ಟಿತು. 2001ರ ಮಾರ್ಚ್ 16ರಂದು ತೀರ್ಪು ಬಂತು. ಹವಾರ್ ದ್ವೀಪಗಳು ಬಹರೈನಿಗೆ, ಜುಬಾರಾ ಕತಾರಿಗೆ. ಇಷ್ಟು ಪತ್ರಿಕೆಯವರಿಗೆ ಸಾಕು. ಶಾಸ್ತ್ರಕಾರನಿಗೆ ರುಚಿ ಇರುವುದು ಮುಂದಿನ ಪ್ರಶ್ನೆಯಲ್ಲಿ: ದ್ವೀಪ ಎಂದರೇನು?

ಉಬ್ಬರದಲ್ಲೂ ತಲೆ ಮೇಲಿದ್ದರೆ ದ್ವೀಪ, ಮುಳುಗಿದರೆ ಬರೀ ದಿಬ್ಬ. ಫಷ್ತ್ ಅದ್ ದಿಬಲ್ ಮುಳುಗುತ್ತದೆ. ಆದ್ದರಿಂದ ಅದು ದ್ವೀಪವಲ್ಲ, ಕತಾರಿನ ಪಾಲು ಎಂದು ನ್ಯಾಯಾಧೀಶರೆಲ್ಲ ಒಮ್ಮತದಿಂದ ಹೇಳಿದರು. ಕಿತ್ಅತ್ ಜರಾದಾ ಎಂಬ ಮರಳದಿಬ್ಬದ ವಿಷಯದಲ್ಲಿ ಮಾತ್ರ ಹನ್ನೆರಡು ಜನ ಒಂದು ಕಡೆ, ಐವರು ಇನ್ನೊಂದು ಕಡೆ. ಇಳಿತದಲ್ಲಿ ಅದರ ಉದ್ದ 600 ಮೀಟರ್, ಅಗಲ 75. ಉಬ್ಬರದಲ್ಲಿ ಉಳಿಯುವುದು 12 ಮೀಟರ್ ಉದ್ದ, 4 ಮೀಟರ್ ಅಗಲ, ಸುಮಾರು 40 ಸೆಂಟಿಮೀಟರ್ ಎತ್ತರ. ಮಲ್ಪೆಯ ಬಂದರಿನಲ್ಲಿ ಇದಕ್ಕಿಂತ ಉದ್ದದ ಟ್ರಾಲ್ ಬೋಟುಗಳು ಸಾಲುಗಟ್ಟಿ ನಿಂತಿರುತ್ತವೆ. ಆದರೂ ತೀರ್ಪಿನ ಪ್ರಕಾರ ಅದು ದ್ವೀಪ, ಬಹರೈನಿನದೇ ದ್ವೀಪ. ಆದರೆ ಇಷ್ಟು ಚಿಕ್ಕದಕ್ಕೆ ಗೆರೆಯನ್ನು ತಳ್ಳುವ ಶಕ್ತಿ ಕೊಡಲಾಗದೆಂದು ನ್ಯಾಯಾಲಯ ಅದರ ಪೂರ್ವಕ್ಕೆ ಅಂಟಿಕೊಂಡಂತೆ ಗೆರೆ ಎಳೆದು ಮುಗಿಸಿತು. ಪಟ್ಟ ಸಿಕ್ಕಿತು, ಅಧಿಕಾರ ಸಿಗಲಿಲ್ಲ. ಈಗ ಜನ ಇಳಿತದ ವೇಳೆ ನೋಡಿಕೊಂಡು ದೋಣಿಯಲ್ಲಿ ಅಲ್ಲಿಗೆ ಪಿಕ್‌ನಿಕ್ ಹೋಗುತ್ತಾರೆ.

ವ್ಯಾಜ್ಯರೇಖೆಯ ದೋಷ ಅವ್ಯಾಪ್ತಿ: ಯಾರಿಗಾಗಿ ಎಳೆದದ್ದೋ ಅವರೆಲ್ಲರನ್ನೂ ಅದು ಒಳಗೊಳ್ಳುವುದಿಲ್ಲ. ಅದೇ 1986ರಲ್ಲಿ ಅದೇ ಎರಡು ದೇಶಗಳ ನಡುವಿನ ನೀರಿನಲ್ಲಿ ವಿಜ್ಞಾನಿಗಳು ಒಂದೇ ಹಿಂಡಿನಲ್ಲಿ ಆರುನೂರಕ್ಕೂ ಹೆಚ್ಚು ಕಡಲಹಸುಗಳನ್ನು ಕಂಡರು. ಕಡಲಹುಲ್ಲು ಮೇಯುವ ಈ ಡುಗಾಂಗ್‌ಗಳು ಯಾವ ದಡದ ಪ್ರಜೆಗಳೆಂದು ಯಾವ ಕಕ್ಷಿಯೂ ವಾದ ಹೂಡಲಿಲ್ಲ. ಗೆರೆಯ ಪೂರ್ತಿ ಭಾರ ಹೊರುವವರು ಬೇರೆ. ಬಹರೈನಿನ ದೋಣಿಗಳಲ್ಲಿ ದುಡಿಯುವ ತಮಿಳುನಾಡಿನ ಮೀನುಗಾರರು ಗೆರೆ ದಾಟಿದರೆಂದು ಕತಾರಿನ ಕಾವಲುಪಡೆಯ ಕೈಗೆ ಸಿಕ್ಕಿದ್ದುಂಟು.

ಇನ್ನು ಎರಡನೆಯ ಜಾತಿ ಬೇಲಿರೇಖೆ. ಇದನ್ನು ಬಹರೈನಿನವರು ‘ಹದ್ರಾ’ ಎನ್ನುತ್ತಾರೆ. ದಡದ ಹತ್ತಿರದ ತೆಳುನೀರಿನಲ್ಲಿ ಗಳು ನೆಟ್ಟು, ಹಿಂದೆ ಖರ್ಜೂರದ ಗರಿಯ ದಿಂಡಿನಿಂದ, ಈಗ ತಂತಿಬಲೆಯಿಂದ ಕಟ್ಟಿದ ಉದ್ದನೆಯ ಬೇಲಿ. ಉಬ್ಬರದ ಜೊತೆ ಮೇಯಲು ಬಂದ ಮೀನು ಇಳಿತದಲ್ಲಿ ಹಿಂತಿರುಗುವಾಗ ಬೇಲಿಗೆ ಎದುರಾಗುತ್ತದೆ. ದಾಟಲು ನೋಡದೆ ಬೇಲಿಯ ಗುಂಟ ಆಳದ ಕಡೆಗೆ ಸಾಗುತ್ತದೆ. ಆ ತುದಿಯಲ್ಲಿ ಒಳಹೋಗಲು ಸಲೀಸು, ಹೊರಬರಲು ಕಷ್ಟವಾದ ಗೂಡು. ನೀರಿಳಿದ ಮೇಲೆ ಮಾಲೀಕ ನಡೆದು ಹೋಗಿ ಹೆಕ್ಕಿಕೊಳ್ಳುತ್ತಾನೆ. ಇಡೀ ಗಲ್ಫಿನ ಇಂಥ ಬೇಲಿಗಳನ್ನು ಸಂಶೋಧಕರು ಗೂಗಲ್ ಅರ್ತ್‌ನ ಉಪಗ್ರಹ ಚಿತ್ರಗಳಲ್ಲಿ ಎಣಿಸಿ, 2005ರಲ್ಲಿ ಸುಮಾರು 1,900 ಇದ್ದವೆಂದು 2013ರಲ್ಲಿ ಬರೆದರು. ಅವುಗಳಲ್ಲಿ ಸಿಗುವ ಮೀನು ಸರ್ಕಾರಿ ಲೆಕ್ಕಕ್ಕಿಂತ ಆರು ಪಟ್ಟು ಎಂದು ಅವರ ಅಂದಾಜು. ನೆರೆಯವರು ಒಬ್ಬರಿಗೊಬ್ಬರು ಹೇಳದ ಲೆಕ್ಕವನ್ನು ಆಕಾಶದಿಂದ ಕೇಳಿ ತಿಳಿಯಬೇಕಾಯಿತು.

ತುಂಬುರೇಖೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಪ್ಪತ್ತರ ದಶಕದಲ್ಲಿ ಬಹರೈನಿನ ವಿಸ್ತೀರ್ಣ 700 ಚದರ ಕಿಲೋಮೀಟರಿಗಿಂತ ಕಡಿಮೆ ಇತ್ತು, ಈಗ 780 ದಾಟಿದೆ. ಕಡಲಿಗೆ ಮರಳು ಸುರಿದು ದಡವನ್ನೇ ಮುಂದೆ ತಳ್ಳುವ ಈ ಕಲೆ ಎಲ್ಲ ನೆರೆಯವರಿಗೂ ಕರಗತ. ಡ್ರೆಜಿಂಗಿನಲ್ಲಿ ಎದ್ದ ಕೆಸರು ಯಾವ ಹುಲ್ಲಿನ ಮೇಲೆ ಹೋಗಿ ಕೂರುತ್ತದೆ ಎಂಬುದು ಪ್ರವಾಹಕ್ಕೆ ಬಿಟ್ಟದ್ದು.

ಆಪದ್ರೇಖೆಯ ಹುಟ್ಟು 1978ರ ಕುವೈತ್ ಒಪ್ಪಂದದಲ್ಲಿ. ಕಡಲಮಾಲಿನ್ಯ ತಡೆಯಲು ಎಂಟೂ ದೇಶಗಳು ಸಹಿ ಹಾಕಿದ ಕಾಗದವದು. ಕಡಲನ್ನು ‘ಪರ್ಷಿಯನ್’ ಎಂದರೆ ಒಬ್ಬರಿಗೆ ಸಿಟ್ಟು, ‘ಅರೇಬಿಯನ್’ ಎಂದರೆ ಇನ್ನೊಬ್ಬರಿಗೆ. ಕೊನೆಗೆ ಒಪ್ಪಂದದಿಂದ ಹುಟ್ಟಿದ ರೋಪ್ಮೆ ಸಂಸ್ಥೆಯ ಹೆಸರನ್ನೇ ಕಡಲಿಗೂ ಇಟ್ಟು ‘ರೋಪ್ಮೆ ಸಮುದ್ರ ಪ್ರದೇಶ’ ಎಂದರು. ಎಣ್ಣೆ ಚೆಲ್ಲಿದರೆ ಪರಸ್ಪರ ನೆರವಾಗಲು 1982ರಲ್ಲಿ ಬಹರೈನಿನಲ್ಲೇ ಒಂದು ಕೇಂದ್ರ ತೆರೆದರು. ಮರುವರ್ಷವೇ ಪರೀಕ್ಷೆ ಬಂತು. ಇರಾನ್–ಇರಾಕ್ ಯುದ್ಧದಲ್ಲಿ ನೌರೂಜ್ ಎಣ್ಣೆಬಾವಿಗಳು ಪೆಟ್ಟು ತಿಂದು ಸೋರತೊಡಗಿದವು. ಬಾವಿಯ ಬಾಯಿ ಮುಚ್ಚಲು ಅಷ್ಟು ಜಾಗದಲ್ಲಾದರೂ ಗುಂಡು ನಿಲ್ಲಿಸಿ ಎಂದು ಸಭೆಯ ಮೇಲೆ ಸಭೆ ನಡೆದವು, ಒಮ್ಮತ ಕುದುರಲಿಲ್ಲ. ಎಣ್ಣೆ ಮಾತ್ರ ಎಲ್ಲರ ದಡಕ್ಕೂ ಸಮನಾಗಿ ಹೊರಟಿತು.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ಹಾಗಾದರೆ ಈ ಕಡಲಿನಲ್ಲಿ ಹಂಚಿಕೊಂಡು ಬಾಳುವುದು ಅಸಾಧ್ಯವೋ? ಅಲ್ಲ. ಶಾಸ್ತ್ರ ಇನ್ನೂ ಒಂದು ಜಾತಿಯನ್ನು ಬಾಕಿ ಉಳಿಸಿಕೊಂಡಿದೆ. ಅದು ಕಾಲರೇಖೆ.

ಹೇಗ್‌ನಲ್ಲಿ ಮುತ್ತಿನ ಹಾಸುಗಳ ಪ್ರಸ್ತಾಪವೂ ಬಂದಿತ್ತು. ಮುತ್ತಿಗಾಗಿ ಮುಳುಗುವುದು ದಡದ ಜನರಿಗೆಲ್ಲ ಸೇರಿದ ಹಕ್ಕೆಂದೇ ಹಿಂದಿನಿಂದ ನಡೆದುಬಂದಿದೆ ಎಂದು ನ್ಯಾಯಾಲಯ ಹೇಳಿತು. ಹಾಸಿನ ಮೇಲೆ ಗೆರೆ ಇರಲಿಲ್ಲ, ಪಂಚಾಂಗದಲ್ಲಿ ಇತ್ತು: ಬೇಸಿಗೆಯ ಒಂದು ದಿನ ದೋಣಿಗಳೆಲ್ಲ ಹೊರಡುತ್ತಿದ್ದವು, ಶರತ್ಕಾಲದ ಹೊತ್ತಿಗೆ ಘೋಷಣೆಯಾದ ದಿನ ಮರಳುತ್ತಿದ್ದವು. ಜಪಾನಿನ ಸಾಕುಮುತ್ತು ಮಾರುಕಟ್ಟೆಗೆ ಬಂದು ಆ ಕಸುಬನ್ನು ಕೆಡಿಸಿತು. ಮುಹರ್ರಕ್ಕಿನ ವರ್ತಕರ ಮನೆಗಳೂ ಮೂರು ಮುತ್ತಿನ ಹಾಸುಗಳೂ 2012ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಇವತ್ತಿನ ಉದಾಹರಣೆ ಕನಾದ್, ಅಂದರೆ ನಮ್ಮ ಅಂಜಲ್. ದೂರದೂರ ಸಂಚರಿಸುವ ಈ ಮೀನಿಗೆ ಯಾವ ದೇಶ ಜಾಗ ಕಾದಿರಿಸಿದರೂ ಅದು ಅಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಗಲ್ಫ್ ಸಹಕಾರ ಮಂಡಳಿಯ ದೇಶಗಳು ಅದಕ್ಕೆ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಒಟ್ಟಾಗಿ ರಜೆ ಕೊಡುತ್ತಿವೆ. ದ್ವೀಪ ಯಾರದೆಂದು ಬಡಿದಾಡಿದವರೇ ತಾರೀಕನ್ನು ಒಪ್ಪಿಕೊಂಡಿದ್ದಾರೆ.

ಕಾಲರೇಖೆಯನ್ನು ಹೊಗಳುವಾಗ ನಮ್ಮ ಕಡೆಗೂ ನೋಡಬೇಕು. ಮಳೆಗಾಲದಲ್ಲಿ ಕರ್ನಾಟಕ ಯಾಂತ್ರಿಕ ಮೀನುಗಾರಿಕೆಯನ್ನು ಜೂನ್ 1ರಿಂದ 61 ದಿನ ನಿಲ್ಲಿಸುತ್ತದೆ; ತಲಪಾಡಿ ದಾಟಿದರೆ ಕೇರಳದಲ್ಲಿ 52 ದಿನ. ಮಂಜೇಶ್ವರದ ಬಂಗುಡೆಗೂ ಉಳ್ಳಾಲದ ಬಂಗುಡೆಗೂ ಇರುವ ಒಂಬತ್ತು ದಿನದ ವ್ಯತ್ಯಾಸವನ್ನು ಯಾವ ಶಾಸ್ತ್ರವೂ ವಿವರಿಸಲಾರದು.

ಸಾಗರ ಸ್ಥಳಯೋಜನೆ ಎಂಬ ಹೊಸ ವಿದ್ಯೆಗೆ ಯುನೆಸ್ಕೊ 2009ರಲ್ಲಿ ಕೈಪಿಡಿ ತಂದಿತು. ಅದು ಕೊಡುವ ಲಕ್ಷಣದಲ್ಲೇ ಕಡಲಿನ ಕೆಲಸಗಳನ್ನು ಸ್ಥಳಕ್ಕೂ ಕಾಲಕ್ಕೂ ಹಂಚಬೇಕೆಂದಿದೆ. ಸಭೆಗಳಲ್ಲಿ ನಕಾಶೆ ಮಾತ್ರ ಬಿಚ್ಚುತ್ತಾರೆ. ಎಂಟು ದೇಶಗಳ ಅಧಿಕಾರಿಗಳು ಮುಂದಿನ ಸಲ ಸೇರಿದಾಗ ಮೊದಲು ಕ್ಯಾಲೆಂಡರ್ ತೆರೆಯಲಿ: ಸಿಗಡಿಗೆ ಯಾವ ತಿಂಗಳು ಬಿಡುವು, ಡ್ರೆಜರ್ ಯಾವ ತಿಂಗಳು ಸುಮ್ಮನಿರಬೇಕು, ಕಡಲಹಸು ಗುಂಪುಗೂಡುವ ಚಳಿಗಾಲದಲ್ಲಿ ಹವಾರಿನ ಸುತ್ತ ಸ್ಪೀಡ್‌ಬೋಟ್ ಬೇಕೇ ಎಂದು. ಅರಾದಿನಲ್ಲಿ ನೆಲೆಸಿರುವ ಕನ್ನಡಿಗರು ಮಾತ್ರ ಆ ಸಭೆಗೆ ಕಾಯಬೇಕಾಗಿಲ್ಲ. ಸೆಪ್ಟೆಂಬರಿನಲ್ಲಿ ಯಾರಾದರೂ ತಾಜಾ ಸ್ಥಳೀಯ ಅಂಜಲ್ ಇದೆ ಎಂದರೆ ಕೊಳ್ಳಬೇಡಿ.