ಇಂಟರ್ವ್ಯೂ ಅಣ್ಣ

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಚಾ ಅಂಗಡಿ ಮುಂದೆ ನಿಂತವರೆಲ್ಲ ಇಂದಲ್ಲ ನಾಳೆ ಸರ್ಕಾರ ನಡೆಸುವವರೇ. ಅವರ ನಡುವೆ ಇಸ್ತ್ರಿ ಮುರಿಯದ ತಿಳಿನೀಲಿ ಅಂಗಿ ತೊಟ್ಟು, ಚಾದ ಗ್ಲಾಸನ್ನು ಸದ್ದಾಗದಂತೆ ಕೆಳಗಿಡುವವನು ಇಂಟರ್ವ್ಯೂ ಅಣ್ಣ. ಸ್ಟಡಿ ರೂಮಿಗೊಬ್ಬನಂತೆ ಇರುತ್ತಾನೆ.

ಕೆಎಎಸ್ ಮುಖ್ಯ ಪರೀಕ್ಷೆಗೆ 1250 ಅಂಕ. ವ್ಯಕ್ತಿತ್ವ ಪರೀಕ್ಷೆಗೆ ಒಂದು ಕಾಲಕ್ಕೆ 200 ಇದ್ದದ್ದು ಇಳಿದಿಳಿದು 25ಕ್ಕೆ ಬಂದು ನಿಂತಿದೆ. ಅಂಕ ಇಳಿದಷ್ಟೂ ಅಣ್ಣನ ಸಿದ್ಧತೆ ಏರಿತು. "ಆ 1250 ಓದಿದರ ಬರ್ತಾವು, ಈ 25 ಹುಟ್ಟುಗುಣದಿಂದ ಬರಬೇಕು" ಎಂಬುದು ಅವನ ಸಿದ್ಧಾಂತ. ಹುಟ್ಟುಗುಣ ಬರಲೆಂದು ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಒಂದು ತಾಸು ಅಭ್ಯಾಸ. ಬಾಗಿಲು ತಳ್ಳುವುದು, ಕೂಡ್ರಿ ಅಂದಮೇಲೆ ಕೂಡುವುದು, ಗೊತ್ತಿಲ್ಲದ್ದಕ್ಕೆ "ಕ್ಷಮಿಸಿ ಸರ್, ಗೊತ್ತಿಲ್ಲ" ಎನ್ನುವುದು. ಕೊನೆಯದು ಮಾತ್ರ ಇನ್ನೂ ಒಲಿದಿಲ್ಲ. ಗೊತ್ತಿಲ್ಲದ ಪ್ರಶ್ನೆ ಸಿಕ್ಕರೇ ಅವನ ಮಾತು ಉದ್ದವಾಗುವುದು.

ಹವ್ಯಾಸ ಪುಸ್ತಕ ಓದುವುದು ಅಂತ ಬರೆದರೆ ಯಾವ ಪುಸ್ತಕ ಅಂತ ಕೇಳಿಬಿಡುತ್ತಾರೆ. ಆದ್ದರಿಂದ ಪಕ್ಷಿ ವೀಕ್ಷಣೆ. ಭಾನುವಾರ ಕೆಲಗೇರಿ ಕೆರೆ ದಂಡೆಯಲ್ಲಿ ದುರ್ಬೀನು ಹಿಡಿದು ಕೂಡುತ್ತಾನೆ. ರಾಜ್ಯಪಕ್ಷಿ ನೀಲಕಂಠ ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು. ಉಳಿದ ಹಕ್ಕಿಗಳನ್ನು ನೋಡುವುದಿಲ್ಲ, ಅವು ಸಿಲಬಸ್ಸಿನಲ್ಲಿಲ್ಲ.

ಮೆಸ್ಸಿನ ಅಕ್ಕ "ಇನ್ನೊಂದು ರೊಟ್ಟಿ ಹಾಕ್ಲೇನ್ರೀ?" ಎಂದರೆ, "ಮೇಡಂ, ಈ ಪ್ರಶ್ನೆಗೆ ಎರಡು ಆಯಾಮಗಳಿವೆ" ಎನ್ನುತ್ತಾನೆ. ಆಯಾಮ ಮುಗಿಯುವಷ್ಟರಲ್ಲಿ ಅಕ್ಕ ಎರಡು ಹಾಕಿರುತ್ತಾಳೆ.

ಕಲಿಸುವುದಕ್ಕೆ ಮಾತ್ರ ಎಂದೂ ಬೇಸರವಿಲ್ಲ, ಕಾಸೂ ಕೇಳುವವನಲ್ಲ. ಬ್ಯಾಡಗಿ ಕಡೆಯ ಹುಡುಗನೊಬ್ಬ ಮುಖ್ಯ ಪರೀಕ್ಷೆ ದಾಟಿ ಬಂದಾಗ ಹಾವೇರಿ ಜಿಲ್ಲೆಯನ್ನೇ ಅರೆದು ಕುಡಿಸಿದ: 1997ರಲ್ಲಿ ಧಾರವಾಡದಿಂದ ಬೇರೆಯಾದದ್ದು, ಏಲಕ್ಕಿ ಹಾರ, ಕನಕದಾಸರ ಬಾಡ, ರಾಣೆಬೆನ್ನೂರಿನ ಕೃಷ್ಣಮೃಗ. ಸಂದರ್ಶನ ನಡೆದ ಉದ್ಯೋಗ ಸೌಧದಲ್ಲಿ ಇದ್ಯಾವುದನ್ನೂ ಕೇಳಲಿಲ್ಲ.

"ನಿಮ್ಮೂರ ಮೆಣಸಿನಕಾಯಿ ಅಷ್ಟು ಕೆಂಪಗಿದೆ, ಖಾರ ಯಾಕಿಲ್ಲ?"

"ನಮ್ಮಪ್ಪ ಬಣ್ಣಕ್ಕಂತನ ಬೆಳೀತಾನ್ರೀ ಸರ್. ಖಾರ ಬೇಕಂದ್ರ ಗುಂಟೂರಿಂದು ತಗೋಬೇಕು."

ಬೋರ್ಡು ನಕ್ಕಿತಂತೆ. ಹುಡುಗ ಈಗ ತಹಶೀಲ್ದಾರ. ಸಪ್ತಾಪುರಕ್ಕೆ ಪೇಢೆ ಹಿಡಿದು ಬಂದಾಗ ಅಣ್ಣ ಪೇಢೆ ಬಾಯಿಗಿಟ್ಟುಕೊಂಡೇ ಗದರಿದ: "ಕ್ಯಾಪ್ಸೈಸಿನ್ ಅನ್ನೋ ಶಬ್ದಾನ ಬಳಸಿಲ್ಲಲ್ಲೋ! ಆಮೇಲೆ ಅಪ್ಪನ್ನ ಯಾಕ ನಡುವ ತಂದಿ?"

ಅಣ್ಣನ ಸರದಿಯೂ ಬರಬೇಕು. ಕೋಟು ಎಂದೋ ಹೊಲಿಸಿಟ್ಟಿದ್ದಾನೆ, ಎರಡು ಸಲ ಸೊಂಟದ ಕಡೆ ಸಡಿಲಿಸಿದ್ದೂ ಆಯಿತು. ಇನ್ನು ಪ್ರಿಲಿಮ್ಸ್ ಒಂದು ಪಾಸಾಗಬೇಕು, ಅಷ್ಟೇ.