ಸಾಹೇಬರೇ ಹೇಳಿದ್ದು

ಕೆಲಸಕ್ಕೆ ಸೇರುವವನ ಕೈಗೆ ಕೊಡುವ ನೇಮಕಾತಿ ಆದೇಶದಲ್ಲಿ ಏನೆಲ್ಲ ಇರುತ್ತದೆ. ವೇತನ ಶ್ರೇಣಿ, ಪ್ರೊಬೇಷನರಿ ಅವಧಿ, ಹಾಜರಾಗಬೇಕಾದ ದಿನಾಂಕ, ತಪ್ಪಿದರೆ ಏನಾಗುತ್ತದೆ ಎಂಬ ಬೆದರಿಕೆ, ಕೆಳಗೆ ಸಹಿ, ಮೊಹರು, ಪ್ರತಿ ಯಾರ‍್ಯಾರಿಗೆ ಹೋಗಿದೆ ಎಂಬ ಪಟ್ಟಿ. ಒಂದೇ ಒಂದು ಎಚ್ಚರಿಕೆಯನ್ನು ಮಾತ್ರ ಅದರಲ್ಲಿ ಯಾರೂ ಬರೆಯುವುದಿಲ್ಲ: ‘ಇಷ್ಟು ಸ್ಪಷ್ಟವಾದ ಆದೇಶ ನಿನಗೆ ಬರವಣಿಗೆಯಲ್ಲಿ ಸಿಗುವುದು ಇದೇ ಕೊನೆ.’ ಅಲ್ಲಿಂದ ಮುಂದೆ ಆದೇಶಗಳು ಗಾಳಿಯಲ್ಲಿ ಬರುತ್ತವೆ. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವಾಗ ಒಂದು, ಕಾರಿನ ಗಾಜು ಅರ್ಧ ಇಳಿದಾಗ ಒಂದು, ಜವಾನನ ಬಾಯಲ್ಲಿ ‘ಸಾಹೇಬ್ರು ಹೇಳಿದ್ರು’ ಎಂದು ಇನ್ನೊಂದು. ಕೆಲಸ ಆಗಿಹೋಗುತ್ತದೆ. ನಾಲ್ಕು ವರ್ಷ ಕಳೆದ ಮೇಲೆ ಆಡಿಟ್ ಆಕ್ಷೇಪಣೆ ಬರುತ್ತದೆ. ‘ಸಾಹೇಬರೇ ಹೇಳಿದ್ದು’ ಎನ್ನುತ್ತಾನೆ ಇವನು. ‘ನಾನ್ಯಾವಾಗ ಹೇಳಿದೆ?’ ಎನ್ನುತ್ತಾರೆ ಅವರು. ಇಬ್ಬರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಅದೇ ಇದರ ಸೊಗಸು. ನೌಕರಿ ಕಲಿಸುವ ಕಹಿ ಪಾಠಗಳು ನೂರಿವೆ ಎಂದು ನಿವೃತ್ತರು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಎಣಿಸುತ್ತಾರೆ. ನನ್ನ ಲೆಕ್ಕದಲ್ಲಿ ಅವುಗಳಲ್ಲಿ ಮುಕ್ಕಾಲು ಪಾಲು ಒಂದೇ ಪಾಠದ ಮರಿಗಳು: ಬಾಯಿಮಾತಿನ ಆದೇಶ ಆದೇಶವಲ್ಲ, ಅದು ಪ್ರೋನೋಟಿಲ್ಲದ ಕೈಸಾಲ. ಊರಿನ ಕೈಸಾಲದಲ್ಲಿ ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಕಚೇರಿಯಲ್ಲಿ ಮಾತ್ರ ಇದು ತಿರುವುಮುರುವು. ಆದೇಶ ಕೊಟ್ಟವರು ಈರಭದ್ರ, ಇಸಕೊಂಡವನೇ ಕೋಡಂಗಿ.

ಮೇಲಿನವರು ಬರೆಯದಿರುವುದು ಸೋಮಾರಿತನದಿಂದ ಎಂದು ಯಾರೂ ತಿಳಿಯಬಾರದು. ನಮ್ಮ ಕಡತದ ವ್ಯವಸ್ಥೆಯನ್ನು ಕಟ್ಟಿದವರು ಮನುಷ್ಯ ಸ್ವಭಾವವನ್ನು ಚೆನ್ನಾಗಿ ಬಲ್ಲವರು. ಒಂದು ಕಡೆ ಟಿಪ್ಪಣಿ, ಇನ್ನೊಂದು ಕಡೆ ಪತ್ರವ್ಯವಹಾರ. ಕೇಸ್ ವರ್ಕರ್ ಬರೆದದ್ದರ ಕೆಳಗೆ ಅಧೀಕ್ಷಕರು, ಅವರ ಕೆಳಗೆ ಇನ್ನೊಬ್ಬರು, ಎಲ್ಲರದೂ ಸಹಿ, ಸಹಿಯ ಕೆಳಗೆ ತಾರೀಖು. ಯಾರ ಪಾಪ ಯಾವ ದಿನದ್ದು ಎಂದು ಚಿತ್ರಗುಪ್ತನೇ ಬಂದರೂ ಬೇರೆ ಲೆಕ್ಕ ಬರೆಯಬೇಕಾಗಿಲ್ಲ. ಹಾಳೆ ತಿರುವಿದರೆ ಸಾಕು. ಇಂಥ ಹಾಳೆಯ ಮೇಲೆ ಬರೆಯುವುದೆಂದರೆ ಜವಾಬ್ದಾರಿಯನ್ನು ಕೊರಳಿಗೆ ಕಟ್ಟಿಕೊಂಡಂತೆ. ಹಾಗಾಗಿ ಬರೆದೂ ಬರೆಯದಂತಿರುವ ವಿದ್ಯೆಯೊಂದು ಕಡತದ ಜೊತೆಜೊತೆಗೇ ಬೆಳೆಯಿತು. ಅದರ ಮೊದಲ ಆಯುಧ ಪೆನ್ಸಿಲ್. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಷರಾಕ್ಕೆ ಆಯಸ್ಸು ರಬ್ಬರು ಸಿಗುವ ತನಕ. ಎರಡನೆಯದು ‘ಚರ್ಚಿಸಿ’ ಎಂಬ ಒಂದು ಪದ. ಕಡತ ಹಾಗೆಂದು ಕೆಳಗಿಳಿದರೆ ಕೇಸ್ ವರ್ಕರ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಚೇಂಬರಿಗೆ ಹೋಗಬೇಕು, ನಿಂತುಕೊಂಡು ಕೇಳಿಸಿಕೊಳ್ಳಬೇಕು, ಬಂದು ‘ಚರ್ಚಿಸಿದಂತೆ ಪುನಃ ಮಂಡಿಸಿದೆ’ ಎಂದು ಬರೆಯಬೇಕು. ಚರ್ಚೆ ಒಳಗಾಯಿತು, ಬರಹ ಹೊರಗಾಯಿತು. ಸಾಹೇಬರ ಅಭಿಪ್ರಾಯ ಈಗ ಕೇಸ್ ವರ್ಕರನ ಅಕ್ಷರದಲ್ಲಿದೆ.

ಮೂರನೆಯ ಆಯುಧಕ್ಕೆ ಸ್ವಲ್ಪ ಇತಿಹಾಸ ಹೇಳಬೇಕು. 1968ರಲ್ಲಿ ಅಮೆರಿಕದ ತ್ರೀಎಂ ಕಂಪನಿಯಲ್ಲಿ ಸ್ಪೆನ್ಸರ್ ಸಿಲ್ವರ್ ಎಂಬ ವಿಜ್ಞಾನಿ ಬಿಗಿಯಾಗಿ ಹಿಡಿಯುವ ಅಂಟನ್ನು ಮಾಡಲು ಹೊರಟು, ಅಂಟಿಯೂ ಅಂಟದಂಥ ಅಂಟೊಂದನ್ನು ಕಂಡುಹಿಡಿದರು. ಹಚ್ಚಿದರೆ ಹಿಡಿಯುತ್ತದೆ, ಎಳೆದರೆ ಗುರುತೂ ಉಳಿಯದಂತೆ ಬಿಟ್ಟುಕೊಳ್ಳುತ್ತದೆ. ಇದರಿಂದ ಏನುಪಯೋಗ ಎಂದು ಕಂಪನಿ ವರ್ಷಗಟ್ಟಲೆ ತಲೆ ಕೆರೆದುಕೊಂಡಿತು. ಅಲ್ಲೇ ಇದ್ದ ಆರ್ಟ್ ಫ್ರೈ ಎಂಬವರಿಗೆ ಪ್ರಾರ್ಥನೆಯ ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿ ಜಾರಿ ಬೀಳುತ್ತಿದ್ದುದು ನೆನಪಾಗಿ, ಕೊನೆಗೆ 1980ರಲ್ಲಿ ಹಳದಿ ಚೀಟಿಯ ಕಟ್ಟು ಅಮೆರಿಕದ ಮಾರುಕಟ್ಟೆಗೆ ಬಂತು. ಆ ಕಂಪನಿಯವರು ನಮ್ಮ ಯಾವುದಾದರೂ ಕಚೇರಿಗೆ ಒಮ್ಮೆ ಬಂದುಹೋಗಿದ್ದರೆ ಅಷ್ಟು ವರ್ಷ ಕಾಯಬೇಕಾಗಿರಲಿಲ್ಲ. ತಮ್ಮ ಮಾತಿಗೆ ತಾವು ಅಂಟಿಕೊಳ್ಳಲು ಇಷ್ಟವಿಲ್ಲದವರಿಗೆ ಅದಕ್ಕಿಂತ ಒಳ್ಳೆಯ ಅಂಟು ಯಾವುದು? ಕಡತದ ಮೇಲೆ ಅಂಗೈಯಗಲದ ಹಳದಿ ಚೀಟಿ. ಅದರ ಮೇಲೆ ‘ಇವರದನ್ನು ಮಾಡಿ ಕೊಡಿ’ ಎಂಬ ಮೂರು ಪದ. ಸಹಿ ಇಲ್ಲ, ತಾರೀಖು ಇಲ್ಲ, ‘ಇವರು’ ಯಾರೆಂಬ ವಿವರವೂ ಇಲ್ಲ. ಕಡತ ಕಪಾಟಿಗೆ ಹೋಗುವ ಹೊತ್ತಿಗೆ ಚೀಟಿಯ ಅಂಚು ಸುರುಳಿ ಸುತ್ತಿಕೊಂಡು ಧೂಳು ಹಿಡಿದಿರುತ್ತದೆ. ವಿಚಾರಣೆಗೆಂದು ಕಡತ ಹೊರಬರುವ ಹೊತ್ತಿಗೆ ಅದರ ಜಾಗದಲ್ಲಿ ಸ್ವಲ್ಪ ಹೆಚ್ಚು ಬೆಳ್ಳಗಿರುವ ಒಂದು ಚೌಕ ಮಾತ್ರ ಉಳಿದಿರುತ್ತದೆ. ಆ ಚೌಕವನ್ನು ತೋರಿಸಿ ಯಾವ ವಿಚಾರಣಾಧಿಕಾರಿಯನ್ನೂ ಒಪ್ಪಿಸಲಾಗದು.

ಹಾಗಾದರೆ ಶಾಯಿಯಲ್ಲಿ ಬರೆಸಿಕೊಂಡವನು ಗೆದ್ದ ಎನ್ನುವಂತೆಯೂ ಇಲ್ಲ. ಬರೆದೂ ಏನನ್ನೂ ಹೇಳದಿರುವುದು ಬರೆಯದಿರುವುದಕ್ಕಿಂತ ಮೇಲಿನ ಕಲೆ. ‘ನಿಯಮಾನುಸಾರ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು’ ಎಂಬ ಷರಾವನ್ನು ನೋಡಿ. ಅನುದಾನ ಬಿಡುಗಡೆಯಿಂದ ಹಿಡಿದು ನಾಯಿಕಾಟದ ದೂರಿನವರೆಗೆ ಯಾವ ಅರ್ಜಿಯ ಮೇಲಾದರೂ ಅದು ಒಪ್ಪುತ್ತದೆ. ಮಾಡು ಎಂದಿತೇ, ಬೇಡ ಎಂದಿತೇ? ಎರಡೂ ಅಲ್ಲ. ಮಾಡಿ ಕೆಟ್ಟರೆ ‘ನಿಯಮಾನುಸಾರ ಎಂದಿದ್ದೆನಲ್ಲ’. ಮಾಡದೆ ಕೆಟ್ಟರೆ ‘ಕ್ರಮ ಕೈಗೊಳ್ಳಿ ಎಂದಿದ್ದೆನಲ್ಲ’. ಇದಕ್ಕೆ ಬೆಂಗಾವಲಾಗಿ ನಮ್ಮ ಕಚೇರಿಗಳು ಒಂದು ವ್ಯಾಕರಣವನ್ನೇ ಸಾಕಿವೆ. ಮನೆಯಲ್ಲಿ, ಸಂತೆಯಲ್ಲಿ, ಜಗಳದಲ್ಲಿ ಕನ್ನಡಿಗರು ಕರ್ಮಣಿ ಪ್ರಯೋಗದ ತಂಟೆಗೆ ಹೋಗುವುದು ತೀರ ಕಡಿಮೆ. ‘ಬೆಕ್ಕಿನಿಂದ ಹಾಲು ಕುಡಿಯಲ್ಪಟ್ಟಿತು’ ಎಂದು ಯಾವ ಗೃಹಿಣಿಯೂ ಕೂಗುವುದಿಲ್ಲ. ‘ಅಯ್ಯೋ, ಬೆಕ್ಕು ಹಾಲು ಕುಡೀತು’ ಎನ್ನುತ್ತಾಳೆ. ಅದೇ ಜನ ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ‘ಮಂಡಿಸಲಾಗಿದೆ’, ‘ತೀರ್ಮಾನಿಸಲಾಗಿದೆ’, ‘ಮೊತ್ತವನ್ನು ಪಾವತಿಸಲಾಗಿದೆ’. ಯಾರು ಮಂಡಿಸಿದರು, ಯಾರು ಪಾವತಿಸಿದರು? ಹಾಲು ಕುಡಿಯಲಾಗಿದೆ, ಬೆಕ್ಕು ವರ್ಗವಾಗಿ ಬೇರೆ ಜಿಲ್ಲೆಗೆ ಹೋಗಿದೆ. ಆದ್ದರಿಂದ ‘ಬರೆಸಿಕೊಳ್ಳಿ’ ಎಂದರಷ್ಟೇ ಸಾಲದು. ಕರ್ತೃಪದ ಇರುವ ವಾಕ್ಯವನ್ನು ಬರೆಸಿಕೊಳ್ಳಬೇಕು.

ಇದೆಲ್ಲ ಸಣ್ಣ ನೌಕರರ ಕೊರಗು, ದೊಡ್ಡವರಿಗೆ ಈ ತಾಪತ್ರಯವಿಲ್ಲ ಎಂದುಕೊಂಡರೆ ತಪ್ಪು. 1968ರ ಅಖಿಲ ಭಾರತ ಸೇವೆಗಳ ನಡತೆ ನಿಯಮಗಳೇ ಹೇಳುತ್ತವೆ: ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಬರವಣಿಗೆಯಲ್ಲಿರಬೇಕು, ಬಾಯಲ್ಲಿ ಹೇಳುವುದು ಅನಿವಾರ್ಯವಾದರೆ ಕೂಡಲೇ ಬರೆದು ದೃಢಪಡಿಸಬೇಕು, ಕೇಳಿಸಿಕೊಂಡವನು ಆದಷ್ಟು ಬೇಗ ಆ ದೃಢೀಕರಣವನ್ನು ಕೇಳಿ ಪಡೆಯಬೇಕು. ಐಎಎಸ್, ಐಪಿಎಸ್ ಮಟ್ಟದವರಿಗೂ ಇಂಥ ನಿಯಮ ಬೇಕಾಯಿತು ಎಂದರೆ ರೋಗ ಎಷ್ಟು ಎತ್ತರಕ್ಕೆ ಏರಿದೆ ನೋಡಿ. ನಿಯಮ ಬಂದು ದಶಕಗಳೇ ಕಳೆದ ಮೇಲೂ, ಕೇಂದ್ರ ಸಂಪುಟ ಕಾರ್ಯದರ್ಶಿಯಾಗಿದ್ದ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತು ಅವರಂತೆ ನಿವೃತ್ತರಾದ ಇನ್ನೂ ಹಲವು ಹಿರಿಯ ಅಧಿಕಾರಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. 2013ರ ಅಕ್ಟೋಬರ್ 31ರಂದು ನ್ಯಾಯಾಲಯ ಬೇರೆ ನಿರ್ದೇಶನಗಳ ಜೊತೆಗೆ, ಅಧಿಕಾರಿಗಳು ಮೌಖಿಕ ಸೂಚನೆಗಳ ಮೇಲೆ ಕೆಲಸ ಮಾಡುವಂತಿಲ್ಲ, ಅವನ್ನು ದಾಖಲಿಸಬೇಕು ಎಂದೂ ಹೇಳಿತು. ಆದರೆ ದಾಖಲಿಸುವ ಪೆನ್ನನ್ನು ಸಾಹೇಬರ ಕೈಗೆ ಕೊಟ್ಟು ‘ಸ್ವಲ್ಪ ಬರೆದುಕೊಡಿ ಸರ್’ ಎನ್ನುವವನು ಕೆಳಗಿನವನೇ ತಾನೆ? ಬೆಕ್ಕಿಗೆ ಗಂಟೆ ಕಟ್ಟಬೇಕೆಂದು ನಿಯಮವಾಯಿತು, ತೀರ್ಪೂ ಬಂತು. ಕಟ್ಟುವ ಇಲಿ ಮಾತ್ರ ಹಳೆಯದೇ.

ಇದಕ್ಕೆ ಹಿರಿಯರು ಎತ್ತುವ ಆಕ್ಷೇಪ ಗಂಭೀರವಾದದ್ದು. ‘ಪ್ರತಿಯೊಂದಕ್ಕೂ ಕಾಗದ ಕೇಳಿದರೆ ನಂಬಿಕೆ ಎಲ್ಲಿ ಉಳಿಯಿತು? ನಮ್ಮ ಕಾಲದಲ್ಲಿ ಮಾತೇ ಪ್ರಮಾಣವಾಗಿತ್ತು’ ಎನ್ನುತ್ತಾರೆ. ಯಾವ ಕಾಲದಲ್ಲಿ ಎಂದು ವಿನಯದಿಂದ ಕೇಳಬೇಕೆನಿಸುತ್ತದೆ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಬರಹಗಳಲ್ಲಿ ಒಂದು ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ, ಸುಮಾರು ಕ್ರಿ.ಶ. 450ರದೆಂದು ಶಾಲೆಯಲ್ಲಿ ಓದಿದ್ದೇವೆ. ಅದೇನು ಪ್ರೇಮಪತ್ರವೇ, ದೇವರ ನಾಮವೇ? ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸನಿಗೆ ಎರಡು ಊರುಗಳನ್ನು ‘ಬಾಳ್ಗಳ್ಚು’ವಾಗಿ, ಎಂದರೆ ವೀರನ ಕತ್ತಿ ತೊಳೆದು ಕೊಡುವ ದಾನವಾಗಿ, ಕೊಟ್ಟ ಲಿಖಿತ ಆದೇಶ. ಕತ್ತಿ ಹಿಡಿದು ಗೆದ್ದುಬಂದ ವೀರನೂ ‘ಮಹಾಪ್ರಭುಗಳೇ, ತಮ್ಮ ಮಾತೇ ಸಾಕು’ ಎಂದು ಊರಿಗೆ ಹೊರಡಲಿಲ್ಲ. ಅದು ಕಲ್ಲಿಗೆ ಇಳಿಯಿತು. ಇಳಿದದ್ದಷ್ಟೇ ಅಲ್ಲ, ದಾನವನ್ನು ಕೆಡಿಸಿದವರಿಗೆ ಮಹಾಪಾತಕ ತಗಲುತ್ತದೆ ಎಂಬ ಶರತ್ತೂ ಕೊನೆಯಲ್ಲಿ ಸೇರಿತು. ಆಮೇಲಿನ ದಾನಶಾಸನಗಳಂತೂ ಕಿತ್ತುಕೊಂಡವನನ್ನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟಿಸುವವರೆಗೆ ಹೋದವು. ಮಾತೇ ಪ್ರಮಾಣವಾಗಿದ್ದ ನಾಡಿನಲ್ಲಿ ಇಷ್ಟೊಂದು ಕಲ್ಲು ಏಕೆ ಖರ್ಚಾಯಿತು? ‘ಶಾಸನ’ ಎಂದರೆ ನಮ್ಮ ಭಾಷೆಯಲ್ಲಿ ಆಜ್ಞೆಯೂ ಹೌದು, ಕೆತ್ತಿದ ಬರಹವೂ ಹೌದು; ಎರಡನ್ನೂ ಬೇರೆ ಮಾಡುವ ಅಗತ್ಯವೇ ಆ ಕಾಲದವರಿಗೆ ಕಾಣಲಿಲ್ಲ. ನಂಬಿಕೆ ಇದ್ದಲ್ಲಿ ಬರಹ ಅವಮಾನವಲ್ಲ. ಮಗಳ ಮದುವೆಗೆ ಲಗ್ನಪತ್ರಿಕೆ ಬರೆಸುವುದು ಬೀಗರ ಮೇಲೆ ಅಪನಂಬಿಕೆಯಿಂದಲೇ?

ಬರೆಯುತ್ತ ಕೂತರೆ ಕೆಲಸ ನಿಧಾನವಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಅರ್ಧ ನಿಜ. ಹೊಳೆ ಊರೊಳಗೆ ನುಗ್ಗಿದ ರಾತ್ರಿ ತಹಶೀಲ್ದಾರರು ದೋಣಿ ತರಿಸಲು ಟಿಪ್ಪಣಿಗೆ ಕಾಯಬಾರದು, ಯಾರೂ ಕಾಯಿರಿ ಎನ್ನುವುದೂ ಇಲ್ಲ. ಆದರೆ ನಮ್ಮ ಬಾಯಿಮಾತಿನ ಆದೇಶಗಳಲ್ಲಿ ಎಷ್ಟರ ಹಿಂದೆ ಹೊಳೆ ಬಂದಿರುತ್ತದೆ? ಎರಡು ಸಾಲು ಬರೆಯಲು ಎರಡು ನಿಮಿಷ. ಬರೆಯದ ಎರಡು ಸಾಲಿಗೆ ಕಾರಣ ಕೇಳಿ ನೋಟಿಸು, ಅದಕ್ಕೆ ಉತ್ತರ, ಇಲಾಖಾ ವಿಚಾರಣೆ, ತಡೆಹಿಡಿದ ಬಡ್ತಿ, ಇತ್ಯರ್ಥವಾಗದ ಪಿಂಚಣಿ. ಬಾಯಿಮಾತು ಹೋಗುವಾಗ ಕುದುರೆ, ಬರುವಾಗ ಆಮೆ.

ಸರ್ಕಾರಿ ಕಚೇರಿಯ ಧೂಳು ಕಾಣದ ಸಾಫ್ಟ್‌ವೇರ್ ಮಂದಿ ಇಲ್ಲಿ ನಗಬಹುದು. ಅವರಿಗೆ ಮೇಲ್ ಇದೆ, ಚಾಟ್ ಇದೆ, ಟಿಕೆಟ್ ಇದೆ. ಅಷ್ಟೆಲ್ಲ ಇದ್ದೂ ವಿಷಯ ಸ್ವಲ್ಪ ಬಿಸಿಯಾದ ಕೂಡಲೇ ಮ್ಯಾನೇಜರ್ ಬರೆಯುವುದೇನು? ‘ಒಂದು ಕ್ವಿಕ್ ಕಾಲ್ ಮಾಡೋಣ.’ ಇದು ನಮ್ಮ ‘ಚರ್ಚಿಸಿ’ಯೇ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ವೈಟ್‌ಫೀಲ್ಡಿಗೆ ಹೋಗಿದೆ, ಅಷ್ಟೆ. ಇನ್ನು ವಾಟ್ಸ್ಆ್ಯಪ್ ಬಂದ ಮೇಲೆ ಹಳದಿ ಚೀಟಿಗೆ ಪುನರ್ಜನ್ಮವೇ ಸಿಕ್ಕಿತು. ಕಳುಹಿಸಿದ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯ 2017ರಲ್ಲಿ ಬಂತು. ಆಗ ನಿಮಿಷಗಳ ಲೆಕ್ಕದಲ್ಲಿದ್ದ ಗಡುವು 2022ರ ಹೊತ್ತಿಗೆ ಎರಡು ದಿನವನ್ನೂ ದಾಟಿತು. ರಾತ್ರಿ ಹನ್ನೊಂದಕ್ಕೆ ‘ಟೆಸ್ಟಿಂಗ್ ಬೇಡ, ಹಾಗೇ ರಿಲೀಸ್ ಮಾಡಿ’ ಎಂದು ಬಂದ ಸಂದೇಶ, ಬೆಳಿಗ್ಗೆ ಗ್ರಾಹಕರ ಕೂಗು ಎದ್ದ ಮೇಲೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಾಗಿರುತ್ತದೆ. ಯಂತ್ರಕ್ಕೂ ಕರ್ಮಣಿ ಪ್ರಯೋಗ ಕಲಿಸಿದವರು ಯಾರೋ!

ಕೊನೆಯ ಆಕ್ಷೇಪ ಮಾತ್ರ ನನ್ನನ್ನು ನಿಜವಾಗಿ ಕಾಡುವಂಥದ್ದು. ‘ಬರೆದುಕೊಡಿ ಎಂದು ಕೇಳಿದವನನ್ನು ಯಾರು ಉಳಿಸುತ್ತಾರೆ ಸ್ವಾಮಿ?’ ಯಾರೂ ಉಳಿಸುವುದಿಲ್ಲ. ಒಂದು ಅಕ್ಷರ ಬರೆಯಲು ಹಿಂಜರಿಯುವ ಸಾಹೇಬರು ತಾವಾಗಿಯೇ, ಯಾರೂ ಕೇಳದೆ, ಶುದ್ಧ ಶಾಯಿಯಲ್ಲಿ ಬರೆಯುವ ಸಂಗತಿಗಳು ಎರಡೇ: ವರ್ಗಾವಣೆಯ ಶಿಫಾರಸು, ಮತ್ತು ಕಾರ್ಯನಿರ್ವಹಣಾ ವರದಿಯಲ್ಲಿ ಕೆಳಗಿನವನ ಗುಣಕಥನ. ಹೀಗಾಗಿ ಅನುಭವಿಗಳು ಅವರಿಂದ ಬರೆಸಲು ಹೋಗುವುದೇ ಇಲ್ಲ, ತಾವೇ ಬರೆಯುತ್ತಾರೆ. ‘ದಿನಾಂಕ ಇಂಥದ್ದರಂದು ಬೆಳಿಗ್ಗೆ ತಾವು ದೂರವಾಣಿಯಲ್ಲಿ ನಿರ್ದೇಶಿಸಿದಂತೆ ಕ್ರಮ ಕೈಗೊಂಡು, ತಮ್ಮ ಅವಗಾಹನೆಗೆ ಮಂಡಿಸಿದ್ದೇನೆ’ ಎಂದು ಟಿಪ್ಪಣಿ. ಕಂಪನಿಯಲ್ಲಾದರೆ ಫೋನಿಟ್ಟ ಐದೇ ನಿಮಿಷಕ್ಕೆ ‘ನಾವು ಮಾತಾಡಿದ ಹಾಗೆ’ ಎಂದು ಶುರುವಾಗುವ ಮೇಲ್. ಎಷ್ಟು ವಿನಯ, ಎಷ್ಟು ಕೃತಜ್ಞತೆ! ತಾವು ಹಾಗೆ ಹೇಳಿಲ್ಲ ಎನ್ನಬೇಕಾದರೆ ಈಗ ಅವರೇ ಅದನ್ನು ಬರೆದು ಹೇಳಬೇಕು. ಇದರಿಂದ ಅಪಾಯ ಪೂರ್ತಿ ತಪ್ಪುತ್ತದೆಂದು ನಾನು ಭರವಸೆ ಕೊಡಲಾರೆ. ಮುಖ ಕಪ್ಪಾಗುವುದು ಖಂಡಿತ, ಒಂದೆರಡು ಇನ್‌ಕ್ರಿಮೆಂಟಿನ ನೆರಳೂ ಹೋಗಬಹುದು. ಆದರೆ ಮುನಿಸಿಕೊಂಡ ಸಾಹೇಬರು ಮೂರು ವರ್ಷಕ್ಕೆ ಬದಲಾಗುತ್ತಾರೆ, ದೋಷಾರೋಪಣ ಪಟ್ಟಿ ನಿವೃತ್ತಿಯ ಬೀಳ್ಕೊಡುಗೆಯ ಹಾರದ ಜೊತೆಗೂ ಬರಬಲ್ಲದು.

ಈಗ ಇ-ಆಫೀಸ್ ಬಂದಿದೆ, ಇನ್ನು ಈ ಗೋಳು ಮುಗಿಯಿತು ಎನ್ನುವವರಿದ್ದಾರೆ. ಬಂದಿರುವುದು ನಿಜ, ಒಳ್ಳೆಯದೇ ಬಂದಿದೆ. ಅದರಲ್ಲಿ ಟಿಪ್ಪಣಿಗೆ ಎರಡು ಬಣ್ಣ. ಕರಡು ಇರುವ ತನಕ ಹಳದಿ, ತಿದ್ದಬಹುದು, ಅಳಿಸಬಹುದು. ಹಸಿರಾಗಿ ಮೇಲಕ್ಕೆ ಹೋಯಿತೆಂದರೆ ಮುಗಿಯಿತು, ಬರೆದವನ ಹೆಸರು, ತಾರೀಖು, ಗಂಟೆ, ನಿಮಿಷ ಸಮೇತ ಕಾಯಂ. ಪೆನ್ಸಿಲಿಗೆ ಜಾಗವಿಲ್ಲ, ಚೀಟಿ ಅಂಟಿಸಿದರೂ ಮಾನಿಟರ್ ಮೇಲೆ ಅಂಟಿಸಬೇಕು. ಕೇಸ್ ವರ್ಕರ್ ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸರಿಯಾಗಿ ಕೂಡಿಸಿ ಟೈಪು ಮಾಡಿ, ಕಳುಹಿಸುವ ಗುಂಡಿಯ ಮೇಲೆ ಬೆರಳಿಡುತ್ತಾನೆ. ಅಷ್ಟರಲ್ಲಿ ಮೇಜಿನ ಮೇಲಿನ ಇಂಟರ್‌ಕಾಮ್ ಗುರುಗುಟ್ಟುತ್ತದೆ. ‘ಆ ಫೈಲು ಸದ್ಯಕ್ಕೆ ಹಳದೀಲೇ ಇರ್ಲಿ ಕಣ್ರೀ. ಒಂದ್ನಿಮಿಷ ಚೇಂಬರಿಗೆ ಬಂದ್ಹೋಗಿ.’