ಒಂಬತ್ತು ನಿಮಿಷದ ತಜ್ಞ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಎರಡು ವರ್ಷ ಇದ್ದು ಬಂದವನು ನಾನು. ಹೀಗೆಂದ ಕೂಡಲೇ ಜನ ಅರಮನೆ, ಮ್ಯೂಸಿಯಂ, ಷೇಕ್ಸ್‌ಪಿಯರ್ ನಾಟಕ ಅಂತೆಲ್ಲ ಕಲ್ಪಿಸಿಕೊಳ್ಳುತ್ತಾರೆ. ನಾನು ನೋಡಿದ್ದು ಆಫೀಸು, ಬಸ್ಸು ಮತ್ತು ಟಿವಿ. ಚಳಿಗಾಲದಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಅದು ಸಾಲದೆಂಬಂತೆ, ಮನೆಯಲ್ಲಿ ಟಿವಿ ನೋಡುವುದಕ್ಕೂ ಲೈಸೆನ್ಸ್! ಆಗ ವರ್ಷಕ್ಕೆ 145.50 ಪೌಂಡ್ ಇತ್ತು. ರೂಪಾಯಿಗೆ ಗುಣಿಸಿದೆ (ಹೊರದೇಶಕ್ಕೆ ಹೋದವರು ಮೊದಲ ಆರು ತಿಂಗಳು ಗುಣಿಸುತ್ತಾರಂತೆ, ನಾನು ಎರಡು ವರ್ಷವೂ ಗುಣಿಸಿದೆ). ಹನ್ನೊಂದು ಸಾವಿರದ ಹತ್ತಿರ ಬಂತು. ಅಷ್ಟು ಮುಯ್ಯಿ ಕೊಟ್ಟ ಮೇಲೆ ಊಟ ಬಿಟ್ಟು ಏಳುವುದುಂಟೆ? ಹಾಕಿದ್ದನ್ನೆಲ್ಲ ನೋಡಿದೆ.

ಅದರಲ್ಲಿ ನನಗೆ ಹಿಡಿಸಿದ್ದು ಅವರ ಹಳೆಯ ಎಡವಟ್ಟುಗಳು. ತಮ್ಮ ಟಿವಿಯ ಮಾನ ಹೋದ ಕ್ಷಣಗಳನ್ನು ಜೋಪಾನವಾಗಿ ಎತ್ತಿಟ್ಟು, ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆದು ನಗುವುದು ಬ್ರಿಟಿಷರಿಗೆ ಬಲು ಇಷ್ಟ. 1964ರ ಏಪ್ರಿಲ್ 20ರಂದು ಬಿಬಿಸಿಯ ಎರಡನೇ ಚಾನೆಲ್ ಭರ್ಜರಿಯಾಗಿ ಶುರುವಾಗಬೇಕಿತ್ತು. ಅದೇ ಸಂಜೆ ಬ್ಯಾಟರ್‌ಸೀ ವಿದ್ಯುತ್ ಸ್ಥಾವರಕ್ಕೆ ಬೆಂಕಿ ಬಿದ್ದು ಸ್ಟುಡಿಯೋಗೆ ಕರೆಂಟೇ ಇಲ್ಲ. ಹಬ್ಬದ ದಿನ ಕರೆಂಟು ಹೋಗುವುದು ನಮ್ಮ ಬಡಾವಣೆಯ ಹಕ್ಕು ಎಂದುಕೊಂಡಿದ್ದ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮನೆಗೆ ಫೋನ್ ಮಾಡಿ ಹೇಳಿದೆ.

ಆದರೆ ನನ್ನ ಆರಾಧ್ಯ ದೈವ ಗೈ ಗೋಮಾ. ಕಾಂಗೋದಿಂದ ಬಂದಿದ್ದ ಈತ 2006ರ ಮೇ 8ರಂದು ಬಿಬಿಸಿಗೆ ಹೋದದ್ದು ಕಂಪ್ಯೂಟರ್ ವಿಭಾಗದ ಕೆಲಸವೊಂದರ ಸಂದರ್ಶನಕ್ಕೆ. ಅದೇ ಹೊತ್ತಿಗೆ ಗೈ ಕ್ಯೂನಿ ಎಂಬ ತಂತ್ರಜ್ಞಾನ ಪತ್ರಕರ್ತರು ಇನ್ನೊಂದು ಸ್ವಾಗತಕೋಣೆಯಲ್ಲಿ ಕಾಯುತ್ತಿದ್ದರು. ಕರೆಯಲು ಬಂದವನು ತಪ್ಪು ಕೋಣೆಗೆ ಬಂದ. 'ಗೈ?' ಎಂದ. ಗೋಮಾ ಎದ್ದರು. ಮುಖಕ್ಕೆ ಪೌಡರ್ ಬಿತ್ತು, ಅಂಗಿಗೆ ಮೈಕು ಸಿಕ್ಕಿಸಿದರು. ಸಂದರ್ಶನವೆಂದರೆ ಇಲ್ಲಿ ಹೀಗೇ ಇರಬೇಕು ಎಂದು ಅವರು ಅಂದುಕೊಂಡಿರಬೇಕು. ನೇರ ಪ್ರಸಾರದಲ್ಲಿ ನಿರೂಪಕಿ ಅವರನ್ನು ಗೈ ಕ್ಯೂನಿ ಎಂದು ಪರಿಚಯಿಸಿದರು. ಆಗ ಆ ಮುಖ ನೋಡಬೇಕು! ಕಣ್ಣು ಅರಳಿತು, ಬಾಯಿ ಏನೋ ಹೇಳಲು ತೆರೆದುಕೊಂಡಿತು, ಹಾಗೇ ಮುಚ್ಚಿಕೊಂಡಿತು. ಆಪಲ್ ಕಂಪನಿಗಳ ನಡುವಿನ ಮೊಕದ್ದಮೆಯ ತೀರ್ಪಿನಿಂದ ನಿಮಗೆ ಆಶ್ಚರ್ಯವಾಯಿತೇ ಎಂದು ಕೇಳಿದರು. ತುಂಬಾ ಆಶ್ಚರ್ಯವಾಗಿದೆ, ಇದನ್ನು ನಿರೀಕ್ಷಿಸಿರಲೇ ಇಲ್ಲ ಎಂದರು ಗೋಮಾ. ಟಿವಿಯ ಇತಿಹಾಸದಲ್ಲಿ ಇಷ್ಟು ಪ್ರಾಮಾಣಿಕವಾದ ಉತ್ತರ ಇನ್ನೊಂದಿರಲಾರದು. ಆಮೇಲೆ ಡೌನ್‌ಲೋಡ್ ವಿಚಾರವಾಗಿಯೂ ಮರ್ಯಾದೆಯಾಗಿ ಮಾತಾಡಿದರು. ನಿಜವಾದ ಗೈ ಕಾಯುತ್ತಿದ್ದಲ್ಲೇ ಪರದೆಯ ಮೇಲೆ ತಮ್ಮ ಹೆಸರಿನಲ್ಲಿ ಬೇರೆಯವರು ಮಾತಾಡುವುದನ್ನು ನೋಡಿದರು. ಗೋಮಾಗೆ ಕೆಲಸ ಮಾತ್ರ ಸಿಗಲಿಲ್ಲ.

'ನಾನಲ್ಲ' ಅಂತ ಒಂದು ಮಾತು ಹೇಳಿ ಎದ್ದು ಬರಬಾರದಿತ್ತೇ ಎಂದು ಸೋಫಾದಲ್ಲಿ ಕಾಲು ಚಾಚಿಕೊಂಡು ಎಷ್ಟು ಸಲ ನಕ್ಕಿದ್ದೇನೋ. ಆ ನಗು ಬಡ್ಡಿ ಸಮೇತ ವಾಪಸ್ಸು ಬಂತು.

2016ರ ಜೂನ್ 24. ಬ್ರಿಟನ್ ಯುರೋಪಿನ ಒಕ್ಕೂಟ ಬಿಡುವುದೆಂದು ಫಲಿತಾಂಶ ಬಂದ ದಿನ. ಬೆಂಗಳೂರಿನ ಒಂದು ಚಾನೆಲ್ಲಿನಲ್ಲಿದ್ದ ಪರಿಚಯದ ಹುಡುಗ ಫೋನ್ ಮಾಡಿದ. 'ಸಾರ್, ನೀವು ಅಲ್ಲಿದ್ದು ಬಂದೋರು. ಸಂಜೆ ಡಿಸ್ಕಷನ್‌ಗೆ ಬರ್ತೀರಾ?' ಬೇಡ ಅನ್ನಬೇಕಿತ್ತು. ಆದರೆ ಅಷ್ಟರಲ್ಲೇ ನಾನು ಫ್ಯಾಮಿಲಿ ಗ್ರೂಪಿಗೆ ಮೆಸೇಜ್ ಹಾಕಿಯಾಗಿತ್ತು. ನಲವತ್ತೇಳು ಜನ ಹೆಬ್ಬೆರಳು ಎತ್ತಿದ್ದರು.

ಪೌಡರ್ ಹಚ್ಚಿದರು. ಮೈಕು ಸಿಕ್ಕಿಸಿದರು. ಎದುರಿನ ಪರದೆಯಲ್ಲಿ ನನ್ನ ಮುಖದ ಕೆಳಗೆ ಹಳದಿ ಪಟ್ಟಿ ಬಂತು: 'ಬ್ರಿಟನ್ ವ್ಯವಹಾರಗಳ ತಜ್ಞ'. ಗೋಮಾರ ಕಣ್ಣು ಯಾಕೆ ಅರಳಿತ್ತು ಎಂದು ಆಗ ತಿಳಿಯಿತು. ಅವರದಾದರೂ ಬೇರೆಯವರ ಹೆಸರು. ಪಟ್ಟಿಯಲ್ಲಿದ್ದ ಹೆಸರು, ಇನಿಷಿಯಲ್ ಸಮೇತ, ನನ್ನದೇ.

'ಪೌಂಡ್ 1985ರಿಂದ ಈಚೆಗೆ ಇಷ್ಟು ಕೆಳಗೆ ಇಳಿದಿರಲಿಲ್ಲ. ಇನ್ನೂ ಇಳಿಯುತ್ತಾ ಸಾರ್?'

ಪೌಂಡಿನ ಬಗ್ಗೆ ನನಗೆ ಗೊತ್ತಿದ್ದದ್ದು ಗುಣಾಕಾರ ಒಂದೇ. ತಲೆಯಲ್ಲಿ ತಡಕಾಡಿದೆ, ಸಿಕ್ಕಿದ್ದು ಮೈಕೆಲ್ ಫಿಶ್. 'ನೋಡಿ, 1987ರ ಅಕ್ಟೋಬರ್ 15ರಂದು ಬಿಬಿಸಿಯ ಹವಾಮಾನ ತಜ್ಞರೊಬ್ಬರು ಚಂಡಮಾರುತವೇನೂ ಬರೋದಿಲ್ಲ, ಹೆದರಬೇಡಿ ಅಂದ್ರು. ಅವತ್ತೇ ರಾತ್ರಿ ಬೀಸಿದ ಗಾಳಿಗೆ ಒಂದೂವರೆ ಕೋಟಿ ಮರ ಉರುಳಿತು. ಸೆವೆನೋಕ್ಸ್ ಅಂತ ಊರು, ಅಂದ್ರೆ ಏಳು ಓಕ್ ಮರ. ಬೆಳಗ್ಗೆ ನೋಡಿದ್ರೆ ಉಳಿದಿದ್ದು ಒಂದೇ. ಆದ್ದರಿಂದ ತಜ್ಞರ ಮಾತು ನಂಬಬಾರದು.' ಹೇಳಿ ಮುಗಿಸಿ ಪರದೆ ನೋಡಿದರೆ, ಹಳದಿ ಪಟ್ಟಿ ಇನ್ನೂ ಅಲ್ಲೇ ಇತ್ತು.

ನಿರೂಪಕ ಒಳ್ಳೆಯವನು, ಮುಂದಕ್ಕೆ ಹೋದ. 'ಹಾಗಾದ್ರೆ ಬ್ರಿಟಿಷರು ಈಗ ಏನು ಮಾಡಬೇಕು?'

'1957ರ ಏಪ್ರಿಲ್ 1ರಂದು,' ಎಂದೆ. ಇಷ್ಟು ಹಿಂದಕ್ಕೆ ಹೋಗುವನೆಂದು ಅವನು ಎಣಿಸಿರಲಿಲ್ಲ. ಬಿಬಿಸಿಯ ಗಂಭೀರವಾದ ಪನೋರಮಾ ಕಾರ್ಯಕ್ರಮದಲ್ಲಿ, ಸ್ವಿಟ್ಜರ್ಲೆಂಡಿನ ರೈತರು ಮರದಿಂದ ಸ್ಪಗೆಟ್ಟಿ ಶಾವಿಗೆ ಕೀಳುವುದನ್ನು ತೋರಿಸಿದ್ದು, ನಂಬಿದ ಜನ ಈ ಗಿಡ ಬೆಳೆಸುವುದು ಹೇಗೆ ಎಂದು ಫೋನ್ ಮಾಡಿದ್ದು, ಒಂದು ಎಳೆಯನ್ನು ಟೊಮ್ಯಾಟೊ ಸಾಸ್ ಡಬ್ಬದಲ್ಲಿ ನೆಟ್ಟು ಒಳ್ಳೆಯದಾಗಲಿ ಎಂದು ಕಾಯಿರಿ ಅಂತ ಬಿಬಿಸಿ ಉತ್ತರ ಕೊಟ್ಟದ್ದು, ಎಲ್ಲ ಹೇಳಿದೆ. 'ಈಗಲೂ ಅಷ್ಟೇ ಮಾಡಬೇಕು.' ಆಮೇಲಿನ ವರ್ಷಗಳನ್ನು ನೋಡಿದರೆ ಅವತ್ತು ಬೇರೆ ಯಾವ ಚಾನೆಲ್ಲಿನಲ್ಲೂ ಇಷ್ಟು ಸರಿಯಾದ ವಿಶ್ಲೇಷಣೆ ಬಂದಿರಲಿಕ್ಕಿಲ್ಲ ಎಂದು ನನಗೆ ಅನುಮಾನ. ಆದರೆ ಆ ಕ್ಷಣದಲ್ಲಿ ಪಕ್ಕದಲ್ಲಿದ್ದ ಅರ್ಥಶಾಸ್ತ್ರದ ಪ್ರೊಫೆಸರು ತಮ್ಮ ಕುರ್ಚಿಯನ್ನು ನನ್ನಿಂದ ಒಂದು ಗೇಣು ದೂರ ಎಳೆದುಕೊಂಡರು.

'ಭಾರತಕ್ಕೆ ಇದರಿಂದ ಏನು ಲಾಭ ಸಾರ್?'

ಜೋಳಿಗೆಯಲ್ಲಿ ಉಳಿದದ್ದು ಆನೆ ಒಂದೇ. '1969ರಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ಒಂದು ಮರಿಯಾನೆ ಕರ್ಕೊಂಡು ಬಂದ್ರು...' ಎಂದು ಶುರು ಮಾಡಿದೆ. 'ಒಂದು ಸಣ್ಣ ವಿರಾಮ' ಎಂದ ನಿರೂಪಕ. ವಿರಾಮದ ನಂತರ ಪ್ರೊಫೆಸರಿದ್ದರು. ನಾನು ಕುತ್ತಿಗೆಗೆ ಪೌಡರಿನ ಟವೆಲ್ ಸುತ್ತಿಕೊಂಡೇ ಲಿಫ್ಟಿನಲ್ಲಿದ್ದೆ.

ಫ್ಯಾಮಿಲಿ ಗ್ರೂಪಿನಲ್ಲಿ ಗಾಢ ಮೌನ. ಮೈಸೂರಿನಿಂದ ಅಮ್ಮ ಮಾತ್ರ ಫೋನ್ ಮಾಡಿದಳು.

'ಆಮೇಲೆ ಆನೆ ಏನ್ ಮಾಡ್ತೋ?'

ಹೇಳಿದೆ. ಬ್ಲೂ ಪೀಟರ್ ಅಂತ ಕಾರ್ಯಕ್ರಮ, ಲೂಲೂ ಅಂತ ಆನೆಮರಿ. ಕ್ಯಾಮೆರಾ ಮುಂದೆಯೇ ಎರಡೂ ಮಾಡಿಬಿಟ್ಟಿತು. ಮಾವುತನನ್ನು ಅದರ ಮೇಲೇ ಜಾರಿಸಿ ನೆಲದುದ್ದಕ್ಕೂ ಎಳೆದಾಡಿತು. ನಿರೂಪಕ ಜಾನ್ ನೋಕ್ಸ್ ಬೀಳ್ಕೊಡುತ್ತಾ ಹಿಂದಕ್ಕೆ ಸರಿದು ಲದ್ದಿಯನ್ನೇ ತುಳಿದರು. ಮೊದಲೇ ಚಿತ್ರೀಕರಿಸಿದ್ದು, ಕತ್ತರಿಸಿ ಎಸೆಯಬಹುದಿತ್ತು, ಆದರೂ ಹಾಗೇ ತೋರಿಸಿದರು.

ದಸರೆ ಆನೆಗಳನ್ನು ಎಪ್ಪತ್ತು ವರ್ಷ ನೋಡಿದವಳು ಅಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: 'ಪಾಪ, ಆನೆಗೇನು ಗೊತ್ತಾಗತ್ತೆ? ನಿನಗೇನಾಗಿತ್ತೋ?'